ರೊಟ್ಟಿಯ ನಾಡಿನಲ್ಲಿ ಹಸಿ ಮಾಂಸ: ನಾಯಿಯ ಊಟದ ತಕರಾರು

ತಾಂಡೂರು, ಜಹೀರಾಬಾದ್, ನಾರಾಯಣಖೇಡದ ಕಡೆ ನಾಯಿಗೆ ಏನು ಹಾಕಬೇಕು ಎಂಬುದನ್ನು ಒಂದು ತಲೆಮಾರಿನ ಹಿಂದೆ ಯಾರೂ ಕೇಳುತ್ತಿರಲಿಲ್ಲ. ಮನೆಯವರು ಉಂಡು ಮಿಕ್ಕ ಜೋಳದ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ ಹಾಕಿದರೆ ಮುಗಿಯಿತು. ಈಗ ಪೇಟೆಯ ಮನೆಗಳಿಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಬಂದಿವೆ. ಅವುಗಳ ಹಿಂದೆಯೇ ಸಲಹೆಗಳೂ ಬಂದಿವೆ. ಚೀಲದಲ್ಲಿ ಬರುವ ಒಣ ಫುಡ್ಡೇ ಸಾಕೆಂದು ಒಬ್ಬರು ಹೇಳುತ್ತಾರೆ. ಚಿಕನ್ ಬೇಯಿಸಿ ಅನ್ನದಲ್ಲಿ ಕಲಸಿ ಕೊಡಿ ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರ ಮಾತು ಎಲ್ಲಕ್ಕಿಂತ ಗಟ್ಟಿ: ನಾಯಿ ತೋಳದ ವಂಶದ್ದು, ಅದಕ್ಕೆ ಹಸಿ ಮಾಂಸ, ಹಸಿ ಎಲುಬು, ಕಲೀಜಿ, ಗುರ್ದಾ ಕೊಡಬೇಕು, ಮನೆಯಲ್ಲೇ ಹದಮಾಡಿ, ಪ್ಯಾಕೆಟ್ ಕಟ್ಟಿ, ಫ್ರೀಜರಿನಲ್ಲಿಟ್ಟು ದಿನವೂ ಒಂದೊಂದು ತೆಗೆಯಬೇಕು.

ಈ ಮೂರನೆಯ ಮಾತಿನ ಸುತ್ತ ಮೂವತ್ತು ವರ್ಷಗಳಿಂದ ಜಗತ್ತಿನಾದ್ಯಂತ ಜಗಳ ನಡೆದಿದೆ. ಹಸಿಯೋ ಬೆಂದದ್ದೋ ಎಂದು ಒಂದೇ ಪ್ರಶ್ನೆ ಕೇಳುವುದರಿಂದಲೇ ಈ ಜಗಳ ಬಗೆಹರಿಯದೆ ಉಳಿದಿದೆ ಎಂದು ನನಗೆ ಅನಿಸುತ್ತದೆ. ಒಳಗೆ ಮೂರು ಪ್ರಶ್ನೆಗಳಿವೆ. ನಾಯಿಯ ಹೊಟ್ಟೆ ಏನನ್ನು ಅರಗಿಸುತ್ತದೆ? ಬಟ್ಟಲಿಗೆ ಬಿದ್ದದ್ದರಲ್ಲಿ ಏನು ಕಡಿಮೆ, ಏನು ಹೆಚ್ಚು? ಕಸಾಯಿ ಅಂಗಡಿಯಿಂದ ಬಟ್ಟಲಿನವರೆಗಿನ ದಾರಿಯಲ್ಲಿ ಆ ಮಾಂಸಕ್ಕೆ ಏನಾಗುತ್ತದೆ? ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಸಿಕ್ಕಿದೆ, ಎರಡನೆಯದು ಲೆಕ್ಕದ ವಿಷಯ. ನಮ್ಮ ಕಡೆಯ ಬಿಸಿಲು, ನಮ್ಮ ಕಡೆಯ ಕುರಿಹಟ್ಟಿ, ನಮ್ಮ ಕಡೆಯ ಕರೆಂಟು ನೆನೆದರೆ ಎಲ್ಲವನ್ನೂ ನಿರ್ಧರಿಸುವುದು ಮೂರನೆಯದು.

ಜೋಳದ ಸೀಮೆಯ ನಾಯಿ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ತಾಂಡೂರು ಮತ್ತು ಕೊಡಂಗಲ್ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ನಾರಾಯಣಖೇಡ ಮತ್ತು ಜಹೀರಾಬಾದ್ ಬೀದರ ಜಿಲ್ಲೆಯವು. ಜಹೀರಾಬಾದಿನ ನಿರ್ಣಾ ಭಾಗವೊಂದು ಮೈಸೂರು ರಾಜ್ಯಕ್ಕೆ ಬಂದು ಉಳಿದದ್ದು ಆಂಧ್ರಕ್ಕೆ ಹೋಯಿತು, ಈಗ ತೆಲಂಗಾಣದಲ್ಲಿದೆ. ಗೆರೆ ಬದಲಾದರೂ ಹೊಲ ಬದಲಾಗಲಿಲ್ಲ. ಗೆರೆಯ ಎರಡೂ ಕಡೆ ಬಿಳಿಜೋಳ, ತೊಗರಿ, ಕಡಲೆ. ಎರಡೂ ಕಡೆ ರೊಟ್ಟಿ, ನುಚ್ಚು, ಅಂಬಲಿ. ನಾಯಿ ತಿಂದದ್ದೂ ಅದನ್ನೇ.

ಬೇಟೆನಾಯಿಯ ಸಂಪ್ರದಾಯವೂ ಇಲ್ಲಿ ಹಳೆಯದು. ಜಹೀರಾಬಾದಿನಿಂದ ಪುಣೆಯ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಸಾರಮೇಯ ವಿನೋದಕ್ಕೆ, ಅಂದರೆ ನಾಯಿಗಳ ವಿನೋದಕ್ಕೆಂದೇ, ಒಂದು ಭಾಗವಿದೆ. ದಖ್ಖನಿನ ಬೇಟೆನಾಯಿಗಳಲ್ಲಿ ಇಂದು ಹೆಸರಾದ ಮುಧೋಳ ನಾಯಿಯನ್ನು ರೈತರ ಮನೆಗಳಲ್ಲಿ ಸಾಕುವ ಬಗೆ ನೋಡಿ: ಮೆಕ್ಕೆಜೋಳ, ಗೋಧಿ, ಬೇಳೆ, ಹಾಲು, ಆಗೀಗ ಮೊಟ್ಟೆ ಅಥವಾ ಕೋಳಿ. ಮೊಲದ ಬೆನ್ನಟ್ಟಿ ಓಡುವ, ಇತ್ತೀಚೆಗೆ ಸೇನೆಯೂ ಪರೀಕ್ಷಿಸಿ ತೆಗೆದುಕೊಂಡ ಈ ತಳಿಯ ದಿನದ ಊಟದಲ್ಲಿ ಧಾನ್ಯದ ಪಾಲೇ ದೊಡ್ಡದು. ಮೈಲಾರಲಿಂಗನ ನಾಯಿಗಳೆಂದು ತಮ್ಮನ್ನು ಕರೆದುಕೊಳ್ಳುವ ವಗ್ಗಯ್ಯರು ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಸೇವಿಸುವುದು ಕೂಡ ಹಾಲು, ತುಪ್ಪ, ಬಾಳೆಹಣ್ಣು. ಈ ಜನ ನಾಯಿಯ ಊಟವನ್ನು ಕಲ್ಪಿಸಿಕೊಂಡಾಗ ಅವರ ಕಣ್ಣಿಗೆ ಬಂದದ್ದು ಮಾಂಸವಲ್ಲ.

ಹಾಗೆಂದು ಹಳೆಯದೆಲ್ಲ ಸರಿಯಿತ್ತು ಎನ್ನಲಾಗದು. ಬರಿ ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಊರನಾಯಿ ಆ ಕೊರತೆಯನ್ನು ಇಲಿ ಹಿಡಿದು, ಸತ್ತ ದನದ ಹತ್ತಿರ ಹೋಗಿ, ಬಯಲಿನ ಮಲ ತಿಂದು ತುಂಬಿಕೊಳ್ಳುತ್ತಿತ್ತು. ಮರಿಗಳಲ್ಲಿ ಬದುಕಿ ಉಳಿದದ್ದು ಕೆಲವೇ. ನಮ್ಮ ಕಣ್ಣೆದುರು ಗಟ್ಟಿಮುಟ್ಟಾಗಿ ಓಡಾಡುವುದು ಆ ಉಳಿದವು ಮಾತ್ರ. ಜೊತೆಗೆ ಮನುಷ್ಯರ ತಟ್ಟೆಯೂ ಬದಲಾಯಿತು. 1983ರಲ್ಲಿ ಆಂಧ್ರಪ್ರದೇಶದಲ್ಲಿ ಎರಡು ರೂಪಾಯಿಗೆ ಕಿಲೋ ಅಕ್ಕಿ ಬಂದ ಮೇಲೆ ಒಣಭೂಮಿಯ ಮನೆಗಳಲ್ಲೂ ಅನ್ನ ಹೆಚ್ಚಿತು. ಅದೇ ವರ್ಷ ಜಹೀರಾಬಾದಿನ ಪಸ್ತಾಪುರದಲ್ಲಿ ಕೆಲಸ ಆರಂಭಿಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಂಗಸರು ಜೋಳ, ಸಜ್ಜೆ, ನವಣೆಯನ್ನು ಹೊಲಕ್ಕೂ ತಟ್ಟೆಗೂ ಮರಳಿ ತರಲು ದಶಕಗಳ ಕಾಲ ಹೆಣಗಿದರು. ನಾಯಿಯ ಬಟ್ಟಲಿನಲ್ಲಿ ರೊಟ್ಟಿಯ ಜಾಗಕ್ಕೆ ಬಿಳಿ ಅನ್ನ ಬಂದದ್ದೂ ಈ ಬದಲಾವಣೆಯ ಭಾಗವೇ. ಇಂದು ‘ಮನೆ ಊಟ’ ಎಂದು ನಾಯಿಗೆ ಹಾಕುವುದು ಹೆಚ್ಚಾಗಿ ಅನ್ನ, ಹಾಲು, ಪಾರ್ಲೆ ಬಿಸ್ಕತ್ತು. ಇದು ಹಳೆಯ ಊಟಕ್ಕಿಂತಲೂ ಬಡವಾದದ್ದು, ಹಸಿ ಮಾಂಸದ ವಾದಕ್ಕೆ ಇಲ್ಲಿ ಕಿವಿಗೊಡುವವರು ಸಿಗಲು ಇದೂ ಒಂದು ಕಾರಣ.

ಬಿಸ್ಕತ್ತು ಬಂತು, ಬಂಡಾಯವೂ ಬಂತು

ಕಾರ್ಖಾನೆಯ ನಾಯಿ ಆಹಾರ 1860ರ ದಶಕದ ಇಂಗ್ಲೆಂಡಿನಲ್ಲಿ ಹುಟ್ಟಿತು. ಜೇಮ್ಸ್ ಸ್ಪ್ರ್ಯಾಟ್ ಎಂಬಾತ ಗೋಧಿ, ತರಕಾರಿ, ಮಾಂಸದ ಅಂಶ ಸೇರಿಸಿ ನಾಯಿಗೆಂದೇ ಬಿಸ್ಕತ್ತು ಮಾಡಿ ಮಾರಿದ. ಡಬ್ಬಿಯ ಮಾಂಸ, ಆಮೇಲೆ ಯಂತ್ರದಲ್ಲಿ ಬಿಸಿಯಾಗಿ ಒತ್ತಿ ತೆಗೆದ ಒಣ ಕಾಳು ಬಂದವು. 20ನೇ ಶತಮಾನದ ಕೊನೆಯ ಹೊತ್ತಿಗೆ ಪಶ್ಚಿಮದ ಪಶುವೈದ್ಯರ ಸಾಮಾನ್ಯ ಸಲಹೆ ಒಂದೇ ಆಯಿತು: ಚೀಲದ್ದನ್ನು ಕೊಡಿ, ಮೇಜಿನದ್ದನ್ನು ಕೊಡಬೇಡಿ.

ಇದಕ್ಕೆ ಎದುರಾಗಿ ಎದ್ದವರೂ ಪಶುವೈದ್ಯರೇ, ಅದೂ ಆಸ್ಟ್ರೇಲಿಯಾದಿಂದ. ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ಪ್ರಕಟಿಸಿದ ‘ಗಿವ್ ಯುವರ್ ಡಾಗ್ ಎ ಬೋನ್’ ಪುಸ್ತಕ ಬಾರ್ಫ್ ಎಂದು ಹೆಸರಾದ ಪದ್ಧತಿಗೆ ಬುನಾದಿ ಹಾಕಿತು: ಮಾಂಸ ಮೆತ್ತಿದ ಹಸಿ ಎಲುಬು ಮುಖ್ಯ, ಜೊತೆಗೆ ಒಳಾಂಗ, ಅರೆದ ತರಕಾರಿ, ಹಣ್ಣು. ಅಲ್ಲಿಯೇ ಪಶುವೈದ್ಯರಾಗಿದ್ದ ಟಾಮ್ ಲಾನ್ಸ್‌ಡೇಲ್ 2001ರಲ್ಲಿ ‘ರಾ ಮೀಟಿ ಬೋನ್ಸ್’ ಬರೆದು ಇನ್ನೂ ಮುಂದೆ ಹೋದರು. ತರಕಾರಿಯ ಹಂಗೂ ಬೇಕಿಲ್ಲ, ಇಡೀ ಪ್ರಾಣಿಯ ತುಂಡುಗಳನ್ನು ಕೊಡಿ, ಹಲ್ಲು ತಾನಾಗಿ ಸ್ವಚ್ಛವಾಗುತ್ತದೆ ಎಂಬುದು ಅವರ ನಿಲುವು. ಈ ಎರಡನೆಯ ಧಾರೆಯಿಂದ ಹೊರಟ ಲೆಕ್ಕವೇ ಇಂದು ನಮ್ಮ ಊರಿನ ಹುಡುಗರ ಮೊಬೈಲಿನಲ್ಲೂ ಇರುವ 80-10-5-5: ಎಂಬತ್ತು ಪಾಲು ಮಾಂಸ, ಹತ್ತು ಪಾಲು ಎಲುಬು, ಐದು ಪಾಲು ಕಲೀಜಿ, ಉಳಿದೈದು ಗುರ್ದಾ ಮುಂತಾದ ಬೇರೆ ಒಳಾಂಗ.

ಮುಖ್ಯವಾಹಿನಿಯ ವೈದ್ಯಲೋಕ ಗಟ್ಟಿಯಾಗಿಯೇ ಉತ್ತರಿಸಿತು. ಅಮೆರಿಕದ ಪಶುವೈದ್ಯಕೀಯ ಸಂಘ 2012ರಲ್ಲಿ ಹಸಿ ಪ್ರಾಣಿಜನ್ಯ ಆಹಾರವನ್ನು ನಾಯಿ ಬೆಕ್ಕುಗಳಿಗೆ ಕೊಡುವುದನ್ನು ನಿರುತ್ತೇಜಿಸುವ ನೀತಿ ಅಂಗೀಕರಿಸಿತು. ಸಣ್ಣ ಪ್ರಾಣಿಗಳ ವೈದ್ಯರ ಜಾಗತಿಕ ಸಂಘದ ಪೋಷಣಾ ಸಮಿತಿಯೂ ಅದೇ ದಿಕ್ಕಿನಲ್ಲಿ ಮಾತಾಡಿತು. ಹಸಿಯ ಪಕ್ಷದವರು ಇದನ್ನೆಲ್ಲ ಚೀಲದ ಕಂಪನಿಗಳ ಪ್ರಭಾವ ಎಂದು ತಳ್ಳಿಹಾಕುತ್ತಾರೆ. ಪಶುವೈದ್ಯ ಶಿಕ್ಷಣದಲ್ಲಿ ಕಂಪನಿಗಳ ಹಣ ಓಡಾಡುವುದು ನಿಜ, ಆ ಅನುಮಾನಕ್ಕೆ ಆಧಾರವಿಲ್ಲ ಎನ್ನಲಾರೆ. ಆದರೆ ಮಾಂಸದಲ್ಲಿ ಕಂಡ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಯಾರ ಹಣದಲ್ಲಿ ಪರೀಕ್ಷೆಯಾಯಿತು ಎಂಬುದು ಗೊತ್ತಿರುವುದಿಲ್ಲ.

ತೋಳದ ವಾದ ಮತ್ತು ತಿಪ್ಪೆಯ ವಾದ

ತೋಳದ ವಾದ ಸರಳ. ನಾಯಿ ತೋಳದಿಂದ ಬಂದಿದೆ. ಹಲ್ಲು, ಚಿಕ್ಕ ಕರುಳು, ಹೊಟ್ಟೆಯ ಆಮ್ಲ ಎಲ್ಲ ಮಾಂಸಕ್ಕೆ ಹೊಂದುವಂಥವು. ಬೇಯಿಸಿದ್ದನ್ನು ತಿನ್ನಲು ಅದಕ್ಕೆ ಕಲಿಸಿದವರು ನಾವು. ಇದು ವಿವರಿಸುವ ಸಂಗತಿಗಳು ಸುಳ್ಳಲ್ಲ. ಹಸಿ ಮಾಂಸ ತಿನ್ನುವ ನಾಯಿ ಹಾಕುವ ಮಲ ಕಡಿಮೆ, ಗಟ್ಟಿ. ಮಾಂಸದ ಪ್ರೋಟೀನು ಚೆನ್ನಾಗಿ ಅರಗುತ್ತದೆ ಎಂಬುದಕ್ಕೆ ಅದು ಕುರುಹು. ಊಟಕ್ಕೆ ಮೂಗು ಮುರಿಯುವ ನಾಯಿ ಹಸಿಯೆಂದರೆ ಓಡಿ ಬರುತ್ತದೆ.

ಇದಕ್ಕೆ ಎದುರಾಗಿ ನಿಂತದ್ದು ರೇಮಂಡ್ ಮತ್ತು ಲೋರ್ನಾ ಕಾಪಿಂಗರ್ ದಂಪತಿಯ ವಾದ. ಮನುಷ್ಯ ತೋಳವನ್ನು ಹಿಡಿದು ಪಳಗಿಸಲಿಲ್ಲ, ಊರ ಹೊರಗಿನ ತಿಪ್ಪೆಯಲ್ಲಿ ಬಿದ್ದದ್ದನ್ನು ತಿನ್ನಲು ಧೈರ್ಯ ಮಾಡಿದ ಪ್ರಾಣಿಗಳೇ ತಲೆಮಾರುಗಳಲ್ಲಿ ನಾಯಿಗಳಾದವು ಎಂದು ಅವರು 2001ರ ತಮ್ಮ ಪುಸ್ತಕದಲ್ಲಿ ಹೇಳಿದರು. ಹಾಗಿದ್ದರೆ ನಾಯಿಯ ಆಹಾರ ಮೊದಲಿನಿಂದಲೂ ನಮ್ಮ ಎಂಜಲು. 2013ರಲ್ಲಿ ಸ್ವೀಡನ್ನಿನ ಉಪ್ಸಲಾದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಶೋಧ ಈ ವಾದಕ್ಕೆ ಬಲ ತಂದಿತು. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇತ್ತು. ಬೇಸಾಯ ಬಂದ ಮೇಲೆ ನಾಯಿಯ ಹೊಟ್ಟೆಯೂ ಧಾನ್ಯಕ್ಕೆ ಒಗ್ಗಿತು ಎಂದು ಇದರ ಅರ್ಥ. ಜೋಳದ ಸೀಮೆಯಲ್ಲಿ ನಾಯಿ ಸಾಕಿದವರಿಗೆ ಇದು ಆಶ್ಚರ್ಯದ ಸುದ್ದಿಯಲ್ಲ. ನಾಯಿ ತೋಳವೇ ಎಂಬ ಮಾತನ್ನು ಇಲ್ಲಿಗೆ ನಿಲ್ಲಿಸಬಹುದು. ನಾಯಿ ಮಾಂಸವನ್ನೂ ಅರಗಿಸುತ್ತದೆ, ಬೆಂದ ಧಾನ್ಯವನ್ನೂ ಅರಗಿಸುತ್ತದೆ.

ಹಲ್ಲಿನ ವಿಷಯದಲ್ಲಿ ಎರಡೂ ಪಕ್ಷಕ್ಕೆ ಸ್ವಲ್ಪ ಸ್ವಲ್ಪ ಸಿಕ್ಕಿದೆ. ಬ್ರೆಜಿಲಿನಲ್ಲಿ ಬೀಗಲ್ ನಾಯಿಗಳಿಗೆ ಹಸಿ ದನದೆಲುಬು ಕೊಟ್ಟಾಗ ಕೆಲವೇ ದಿನಗಳಲ್ಲಿ ಹಲ್ಲಿನ ಗಾರೆ ಎದ್ದುಕಾಣುವಷ್ಟು ತಗ್ಗಿತು. ಆದರೆ ಬದುಕಿಡೀ ಹಸಿ ಬೇಟೆ ತಿಂದ ಆಫ್ರಿಕಾದ ಕಾಡುನಾಯಿಗಳ ತಲೆಬುರುಡೆಗಳನ್ನು ನೋಡಿದವರಿಗೆ ವಸಡಿನ ರೋಗದ ಗುರುತು, ಮುರಿದ ಹಲ್ಲು ಎರಡೂ ಸಾಕಷ್ಟು ಕಂಡವು.

ಎಲುಬಿನ ಲೆಕ್ಕ

ಪೋಷಣೆಯ ಪಂಥದವರಿಗೆ ಹಸಿಯೋ ಬೆಂದದ್ದೋ ಎಂಬುದು ಎರಡನೆಯ ಮಾತು. ಅವರು ಮೊದಲು ಕೇಳುವುದು ಕ್ಯಾಲ್ಸಿಯಂ ಎಷ್ಟು, ರಂಜಕ ಎಷ್ಟು ಎಂದು. ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಹೆಚ್ಚೆಂದರೆ ಅದರ ಎರಡರಷ್ಟು. ಎಲುಬಿಲ್ಲದ ಅರ್ಧ ಕಿಲೋ ಕೋಳಿ ಮಾಂಸದಲ್ಲಿ ರಂಜಕ ಒಂದು ಗ್ರಾಮಿನ ಆಸುಪಾಸು, ಕ್ಯಾಲ್ಸಿಯಂ 60 ಮಿಲಿಗ್ರಾಮಿನ ಆಸುಪಾಸು. ಅಂದರೆ ರಂಜಕವೇ ಹದಿನೈದು ಪಟ್ಟಿಗಿಂತ ಹೆಚ್ಚು. ಬರಿ ಮಾಂಸ ತಿಂದು ಬೆಳೆವ ಮರಿಯ ದೇಹ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಹಾಕುತ್ತದೆ. ಕಾಲು ಬಾಗುತ್ತದೆ, ಸಣ್ಣ ಜಿಗಿತಕ್ಕೇ ಮುರಿಯುತ್ತದೆ. ಪ್ರೀತಿಯಿಂದ ದಿನವೂ ಬೋನ್‌ಲೆಸ್ ಚಿಕನ್ ಹಾಕಿದ ಮನೆಯ ಮರಿಗೇ ಹೀಗಾಗುವುದು ಇದರಲ್ಲಿರುವ ಸಂಕಟ.

ಹಸಿ ಪದ್ಧತಿಯವರು ಎಲುಬನ್ನು ಸೇರಿಸಿ ಎನ್ನುವುದು ಇದೇ ಕೊರತೆ ನೀಗಲು, ಆ ಮಟ್ಟಿಗೆ ಅವರು ಸರಿ. ಆದರೆ ಕೈಯಂದಾಜು ಎಷ್ಟು ನಿಲ್ಲುತ್ತದೆ? ಜರ್ಮನಿಯ ಡಿಲಿಟ್ಸರ್, ಬೆಕರ್, ಕೀನ್ಸ್ಲೆ 2011ರಲ್ಲಿ 95 ಎಲುಬು-ಹಸಿಮಾಂಸದ ಊಟಗಳನ್ನು ಲೆಕ್ಕ ಹಾಕಿ ನೋಡಿದಾಗ ನೂರಕ್ಕೆ ಅರವತ್ತರಲ್ಲಿ ಗಂಭೀರ ಏರುಪೇರು ಕಂಡಿತು. ಬೇಯಿಸುವವರು ಬೀಗಬೇಕಿಲ್ಲ. 2013ರಲ್ಲಿ ಅಮೆರಿಕದಲ್ಲಿ ಪುಸ್ತಕ, ಜಾಲತಾಣಗಳಿಂದ ತೆಗೆದ 200 ಮನೆ ಊಟದ ವಿಧಾನಗಳನ್ನು ಪರಿಶೀಲಿಸಿದಾಗ 190ರಲ್ಲಿ ಒಂದಾದರೂ ಪೋಷಕಾಂಶ ಬೇಕಾದಷ್ಟು ಇರಲಿಲ್ಲ. ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ ಮನೆ ಊಟದಲ್ಲಿ ಹೆಚ್ಚಾಗಿ ತಪ್ಪಿಹೋಗುವಂಥವು.

ಹೆಚ್ಚಾದರೂ ಕಷ್ಟವೇ. ಅಗ್ಗಕ್ಕೆ ಸಿಗುತ್ತದೆಂದು ಕಲೀಜಿ ದಿನವೂ ಹಾಕಿದರೆ ವಿಟಮಿನ್ ಎ ವಿಷದ ಮಟ್ಟಕ್ಕೆ ಏರಬಲ್ಲದು. ದೊಡ್ಡ ಪ್ರಾಣಿಯ ಗಂಟಲಿನ ಭಾಗದಲ್ಲಿ ಥೈರಾಯ್ಡ್ ಗ್ರಂಥಿ ಅಂಟಿಕೊಂಡು ಬಂದರೆ ನಾಯಿಯ ರಕ್ತದಲ್ಲಿ ಆ ಹಾರ್ಮೋನು ಏರುತ್ತದೆ. ಜರ್ಮನಿಯಲ್ಲಿ ಹೀಗಾದ 12 ನಾಯಿಗಳ ವರದಿ 2012ರಲ್ಲಿ ಬಂತು. ಗೆಂಡೆಯಂಥ ಮೀನನ್ನು ಹಸಿಯಾಗಿ ದಿನವೂ ಕೊಟ್ಟರೆ ಅದರಲ್ಲಿರುವ ಕಿಣ್ವ ವಿಟಮಿನ್ ಬಿ1 ಅನ್ನು ಹಾಳುಮಾಡುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ.

ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಅದನ್ನು ಕೊಡಲೇಬಾರದು ಎಂಬ ಮಾತು ನಿಜ. ಹಸಿ ಎಲುಬು ನಿರಪಾಯ ಎಂಬ ಮಾತು ನಿಜವಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಳ್ಳುವುದು, ಮಲ ಕಲ್ಲಾಗಿ ಕಟ್ಟುವುದು, ದನದ ಕಾಲೆಲುಬು ಕಡಿದು ದವಡೆ ಹಲ್ಲು ಸೀಳುವುದು ಪಶುವೈದ್ಯರ ಮೇಜಿಗೆ ಬರುವ ಮಾಮೂಲು ಪ್ರಕರಣಗಳು. ಮೊಟ್ಟೆಯ ಚಿಪ್ಪಿನ ಪುಡಿ ಈ ತಕರಾರಿನಿಂದ ಸುಲಭವಾಗಿ ಪಾರಾಗುವ ದಾರಿ: ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಅರ್ಧ ಟೀಚಮಚದಲ್ಲಿ ಸುಮಾರು ಒಂದು ಗ್ರಾಂ ಕ್ಯಾಲ್ಸಿಯಂ. 20 ಕಿಲೋದ ಬೆಳೆದ ನಾಯಿಗೆ ಒಂದು ದಿನಕ್ಕೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಬೆಳೆವ ಮರಿಗೆ, ಅದರಲ್ಲೂ ದೊಡ್ಡ ತಳಿಯ ಮರಿಗೆ, ಈ ಅಂದಾಜು ನಡೆಯದು; ಅಲ್ಲಿ ವೈದ್ಯರ ಲೆಕ್ಕವೇ ಬೇಕು.

ಕುರಿಹಟ್ಟಿಗೆ ಗೊತ್ತಿರುವ ಹಸಿ ಊಟ

ಈ ಸೀಮೆಗೆ ಹಸಿ ಊಟ ಹೊಸದು ಎಂದು ಭಾವಿಸಿದರೆ ತಪ್ಪಾದೀತು. ಕುರುಬರ ಹಟ್ಟಿಯಲ್ಲಿ, ತಾಂಡಾಗಳಲ್ಲಿ, ಜಾತ್ರೆಯ ಬಯಲಿನಲ್ಲಿ ಕುರಿ ಕೊಯ್ದಾಗ ಬೋಟಿ, ಬೇಡವಾದ ಶ್ವಾಸಕೋಶ, ಗುಳ್ಳೆಯೆದ್ದ ಕಲೀಜಿ ನಾಯಿಗೆ ಬೀಳುತ್ತವೆ. ಆಡು ಈದಾಗ ಬಿದ್ದ ಮಾಸು ನಾಯಿಯ ಪಾಲು. ನಮ್ಮ ಕಡೆಯ ನಿಜವಾದ ಹಸಿ ಊಟ ಇದು. ಇದರಿಂದ ಏನಾಗುತ್ತದೆ ಎಂಬುದು ಪಶುವೈದ್ಯ ವಿಜ್ಞಾನಕ್ಕೆ ಚೆನ್ನಾಗಿ ಗೊತ್ತು.

ಕುರಿಯ ಕಲೀಜಿ, ಶ್ವಾಸಕೋಶಗಳಲ್ಲಿ ಕಾಣುವ ನೀರುಗುಳ್ಳೆ ಎಷ್ಟೋ ಸಲ ಎಕಿನೊಕಾಕಸ್ ಗ್ರಾನ್ಯುಲೋಸಸ್ ಎಂಬ ಪುಟ್ಟ ಲಾಡಿಹುಳುವಿನ ಮರಿಗೂಡು. ನಾಯಿ ಅದನ್ನು ಹಸಿಯಾಗಿ ತಿಂದರೆ ಕರುಳಿನಲ್ಲಿ ಸಾವಿರಾರು ಹುಳು ಬೆಳೆಯುತ್ತವೆ. ನಾಯಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತದೆ. ಮಲದಲ್ಲಿ ಹೊರಬಂದ ಮೊಟ್ಟೆ ಹುಲ್ಲಿಗೆ, ನೀರಿಗೆ, ನಾಯಿಯ ಕೂದಲಿಗೆ ಅಂಟುತ್ತದೆ. ಕುರಿ ತಿಂದರೆ ಕುರಿಯ ಒಳಗೆ ಗುಳ್ಳೆ. ನಾಯಿಯನ್ನು ಅಪ್ಪಿಕೊಂಡು ಆಡಿದ ಮಗುವಿನ ಬಾಯಿಗೆ ಹೋದರೆ ಮಗುವಿನ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆವ ಗುಳ್ಳೆ. ಕೊನೆಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಇದರ ಸೋದರ ಟೀನಿಯಾ ಮಲ್ಟಿಸೆಪ್ಸ್. ಅದರ ಗುಳ್ಳೆ ಕುರಿಯ ಮಿದುಳಿನಲ್ಲಿ ಕೂರುತ್ತದೆ, ಕುರಿ ಒಂದೇ ಕಡೆಗೆ ಸುತ್ತಿ ಸುತ್ತಿ ಬೀಳುತ್ತದೆ. ಆ ಕುರಿಯ ತಲೆಯನ್ನು ಒಡೆದು ಹಟ್ಟಿಯ ನಾಯಿಗೆ ಹಾಕಿದರೆ ಚಕ್ರ ಮತ್ತೆ ಹೊರಳುತ್ತದೆ. ಕುರುಬರಿಗೆ ತಿರುಗುವ ಕುರಿ ಗೊತ್ತು. ಅದರ ಬೇರು ತಮ್ಮದೇ ನಾಯಿಯ ಬಟ್ಟಲಿನಲ್ಲಿದೆ ಎಂಬುದನ್ನು ಅವರಿಗೆ ಕೂತು ಹೇಳುವವರು ಬೇಕು.

ದನ ಕಟ್ಟಿದ ಮನೆಗೆ ಇನ್ನೆರಡು ಮಾತು. ನಿಯೋಸ್ಪೋರಾ ಎಂಬ ಸೂಕ್ಷ್ಮಜೀವಿ ಹಸಿ ದನದ ಮಾಂಸ ಮತ್ತು ಮಾಸಿನಿಂದ ನಾಯಿಗೆ, ನಾಯಿಯ ಮಲದಿಂದ ಮೇವಿಗೆ ಬಂದು ಗಬ್ಬದ ಹಸು ಕಂದು ಹಾಕುವಂತೆ ಮಾಡುತ್ತದೆ. ಬ್ರುಸೆಲ್ಲಾ ಸೋಂಕಿರುವ ಆಡಿನ ಮಾಸು ತಿಂದ ನಾಯಿ ಆ ರೋಗವನ್ನು ಅಂಗಳದಿಂದ ಅಂಗಳಕ್ಕೆ ಒಯ್ಯಬಲ್ಲದು. ಮನುಷ್ಯರಲ್ಲಿ ಅದು ಬಂದುಹೋಗುವ ಜ್ವರ, ಕೀಲುನೋವಾಗಿ ತಿಂಗಳುಗಟ್ಟಲೆ ಕಾಡುತ್ತದೆ.

ಪೇಟೆಯ ಫ್ರೀಜರಿನ ಹಸಿ ಊಟದಲ್ಲಿ ಹುಳುವಿಗಿಂತ ಬ್ಯಾಕ್ಟೀರಿಯಾದ ಮಾತು ಹೆಚ್ಚು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಿಂದ 2012ರವರೆಗೆ ಮಾರಾಟದ ಹಸಿ ಸಾಕುಪ್ರಾಣಿ ಆಹಾರದ 196 ಮಾದರಿ ಪರೀಕ್ಷಿಸಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕವು. 2018ರಲ್ಲಿ ನೆದರ್ಲೆಂಡ್ಸಿನ 35 ಹೆಪ್ಪುಗಟ್ಟಿಸಿದ ಉತ್ಪನ್ನಗಳಲ್ಲಿ 19ರಲ್ಲಿ ಲಿಸ್ಟೀರಿಯಾ, 7ರಲ್ಲಿ ಸಾಲ್ಮೊನೆಲ್ಲಾ. ನಾಯಿಯ ಹೊಟ್ಟೆಯ ಆಮ್ಲಕ್ಕೆ ಇವೆಲ್ಲ ಲೆಕ್ಕವಿಲ್ಲ ಎಂದು ಹಸಿ ಪಕ್ಷದವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಕೆನಡಾದಲ್ಲಿ ಸಾಲ್ಮೊನೆಲ್ಲಾ ಇದ್ದ ಹಸಿ ಊಟವನ್ನು 16 ನಾಯಿಗಳಿಗೆ ಕೊಟ್ಟಾಗ ಒಂದೂ ಕಾಯಿಲೆ ಬೀಳಲಿಲ್ಲ. ಆದರೆ 7 ನಾಯಿಗಳ ಮಲದಲ್ಲಿ ಸಾಲ್ಮೊನೆಲ್ಲಾ ಹೊರಬಂತು. ನಾಯಿಗೆ ಏನೂ ಆಗಲಿಲ್ಲ ಎಂಬುದು ಮನೆಗೆ ಏನೂ ಆಗದು ಎಂಬುದಕ್ಕೆ ಸಾಕ್ಷಿಯಲ್ಲ. ಅದೇ ಮನೆಯಲ್ಲಿ ತೆವಳುವ ಕೂಸು, ಸಕ್ಕರೆ ಕಾಯಿಲೆಯ ಅಜ್ಜಿ, ಬಸುರಿ ಹೆಂಗಸು ಇದ್ದಾರೆ. ಹಸಿ ತಿನ್ನುವ ನಾಯಿಗಳು ಔಷಧಕ್ಕೆ ಬಗ್ಗದ ಇ. ಕೋಲಿಯನ್ನು ಹೆಚ್ಚಾಗಿ ಹೊರಹಾಕುತ್ತವೆ ಎಂಬುದೂ ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಎಂಬ ಕೊನೆಯ ಆಸರೆಯ ಔಷಧವನ್ನು 2019ರಲ್ಲಿ ನಿಷೇಧಿಸಬೇಕಾಗಿ ಬಂದ ದೇಶ ನಮ್ಮದು. ಇಲ್ಲಿ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ಫ್ರೀಜರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಸರಿಯಾಗಿ ಮಾಡುವವರ ಕ್ರಮ ಹೀಗಿರುತ್ತದೆ. ಬೆಳೆದ ನಾಯಿಗೆ ಅದರ ತೂಕದ ನೂರಕ್ಕೆ ಎರಡೋ ಮೂರೋ ಪಾಲು ದಿನದ ಊಟ. 15 ಕಿಲೋದ ನಾಯಿಗೆ ಎರಡೂವರೆ ಪಾಲು ಹಿಡಿದರೆ ದಿನಕ್ಕೆ 375 ಗ್ರಾಂ, ತಿಂಗಳಿಗೆ ಹನ್ನೊಂದು ಕಿಲೋಗಿಂತ ಹೆಚ್ಚು. ಚಿಕನ್ ಸೆಂಟರಿನಲ್ಲಿ ಬೆಳಿಗ್ಗೆ ಕೊಯ್ದದ್ದನ್ನೇ ತಂದು, ದಾರಿಯಲ್ಲಿ ಐಸು ಹಾಕಿ, ಮನುಷ್ಯರ ಅಡುಗೆಗೆ ಬಳಸದ ಮಣೆ, ಚಾಕುವಿನಲ್ಲಿ ಕತ್ತರಿಸಿ, ಒಂದು ಹೊತ್ತಿಗೆ ಒಂದು ಪ್ಯಾಕೆಟಿನಂತೆ ಚಪ್ಪಟೆಯಾಗಿ ಕಟ್ಟಿ, ತಾರೀಖು ಬರೆದು ಮೈನಸ್ 18 ಡಿಗ್ರಿಯಲ್ಲಿಡಬೇಕು. ಚಪ್ಪಟೆ ಪ್ಯಾಕೆಟ್ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ. ಖೀಮಾಕ್ಕಿಂತ ತುಂಡು ಮೇಲು, ಏಕೆಂದರೆ ಅರೆದಾಗ ಮೇಲ್ಮೈಯ ಬ್ಯಾಕ್ಟೀರಿಯಾ ಒಳಗೆಲ್ಲ ಬೆರೆಯುತ್ತದೆ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳ ತಟ್ಟೆಯಲ್ಲಿ, ಸೋರದ ಡಬ್ಬಿಯಲ್ಲಿಟ್ಟು ಕರಗಿಸಬೇಕು. ಕಟ್ಟೆಯ ಮೇಲಿಟ್ಟು ಕರಗಿಸಕೂಡದು. ಕರಗಿದ್ದನ್ನು ಒಂದೆರಡು ದಿನದಲ್ಲಿ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸಕೂಡದು. ನಾಯಿ ತಿಂದು ಬಿಟ್ಟದ್ದನ್ನು ಕೂಡಲೇ ಎಸೆದು ಸ್ಟೀಲ್ ಬಟ್ಟಲನ್ನು ಬಿಸಿನೀರು, ಸೋಪಿನಿಂದ ತೊಳೆಯಬೇಕು.

ಇಷ್ಟೆಲ್ಲ ಮಾಡಿದರೂ ತಂಪಿನ ಶಕ್ತಿಗೆ ಮಿತಿ ಇದೆ. ಸಾಕಷ್ಟು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿಸಿದರೆ ಲಾಡಿಹುಳುವಿನ ಗುಳ್ಳೆ, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ, ನಿಯೋಸ್ಪೋರಾ ಬಹುಪಾಲು ಸಾಯುತ್ತವೆ. ಸಾಲ್ಮೊನೆಲ್ಲಾ, ಇ. ಕೋಲಿ ಸಾಯುವುದಿಲ್ಲ, ಮಲಗುತ್ತವೆ. ಕರಗಿದ ಕೂಡಲೇ ಏಳುತ್ತವೆ. ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಹೆಚ್ಚುತ್ತದೆ. ಒಂಟಿ ಬಾಗಿಲ ಫ್ರಿಜ್ಜಿನ ಮೇಲಿನ ಪುಟ್ಟ ಗೂಡು ಸದಾ ಮೈನಸ್ 18ರಲ್ಲೇ ಇರುತ್ತದೆಂದು ನಂಬುವಂತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ತಾಂಡೂರಿನಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಪ್ಯಾಕೆಟ್ ಅರೆಕರಗಿ, ಸಂಜೆ ಮತ್ತೆ ಗಟ್ಟಿಯಾದರೆ ಹೊರಗೆ ಏನೂ ಕಾಣುವುದಿಲ್ಲ. ಬೆಚ್ಚಗಿನ ಮಾಂಸದಲ್ಲಿ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲದು. ಆಸ್ಟ್ರೇಲಿಯಾದ ಪುಸ್ತಕ ಓದಿ ಇಲ್ಲಿ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಇದೇ.

ಯಾವ ಮಾಂಸ ಎಂಬುದೂ ಇಲ್ಲಿ ಸಲೀಸಲ್ಲ. ಮಟನ್ ದುಬಾರಿ. ಎಮ್ಮೆ-ದನದ ಕಾಯ್ದೆ ಗಡಿಯ ಎರಡು ಕಡೆ ಬೇರೆ: ಕರ್ನಾಟಕದಲ್ಲಿ 2020ರ ಕಾಯ್ದೆಯಂತೆ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಉಳಿದ ಜಾನುವಾರು ವಧೆ ನಿಷಿದ್ಧ, ತೆಲಂಗಾಣದಲ್ಲಿ 1977ರ ಹಳೆಯ ಕಾಯ್ದೆ ನಡೆಯುತ್ತಿದೆ. ಹಾಗಾಗಿ ಜಹೀರಾಬಾದಿನವರ ಲೆಕ್ಕ ಬೀದರಿನ ಬೀಗರ ಮನೆಯಲ್ಲಿ ನಡೆಯುವುದಿಲ್ಲ. ಕೊನೆಗೆ ಉಳಿಯುವುದು ಬ್ರಾಯ್ಲರ್ ಕೋಳಿಯ ಕತ್ತು, ಕಾಲು, ಎದೆಗೂಡು. ಇನ್ನು ಲಿಂಗಾಯತರ, ಬ್ರಾಹ್ಮಣರ, ವೈಶ್ಯರ ಮನೆಯಲ್ಲಿ ನಾಯಿಯ ಮಾಂಸ ಅಡುಗೆಮನೆಯ ಫ್ರಿಜ್ಜಿಗೆ ಬರುವ ಮಾತೇ ಇಲ್ಲ. ಹೊರಗೆ ಬೇರೆ ಫ್ರಿಜ್ಜಿಡುವವರು ಕೆಲವರು. ಮಾಂಸವನ್ನೇ ತರದ ಮನೆಗೆ ಮೊಟ್ಟೆ, ಹಾಲು, ಬೇಳೆ, ಧಾನ್ಯದ ಊಟವನ್ನು ಪೂರಕ ಪೋಷಕಾಂಶಗಳೊಂದಿಗೆ ಲೆಕ್ಕ ಹಾಕಿ ಕೊಡುವುದು ಹಸಿ ಮಾಂಸದ ಹಟಕ್ಕಿಂತ ನಾಯಿಗೂ ಮನೆಗೂ ಒಳ್ಳೆಯದು.

ಬೇಯಿಸುವವರ ಪಕ್ಷ, ತೊಗರಿಯ ಅನುಮಾನ

ಬೇಯಿಸಿ ಕೊಡುವವರು ಬ್ಯಾಕ್ಟೀರಿಯಾ ಮತ್ತು ಹುಳುವಿನ ಪ್ರಶ್ನೆಯನ್ನು ಒಂದೇ ಏಟಿಗೆ ಮುಗಿಸುತ್ತಾರೆ. ಶಾಖದಿಂದ ಕೆಲವು ವಿಟಮಿನ್ ಕಡಿಮೆಯಾಗುತ್ತವೆ, ಆದರೆ ಅವನ್ನು ತುಂಬಿಕೊಡುವುದು ಕಷ್ಟವಲ್ಲ. ಬೇಳೆ ಜೋಳಕ್ಕೆ ಕಡಿಮೆಯಿರುವ ಲೈಸಿನ್ ತರುತ್ತದೆ. 2022ರಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರಿನ ತೊಗರಿ ಮನೆಯಲ್ಲೇ ಇರುವಾಗ ಇದು ಸುಲಭ.

ಈ ಪಕ್ಷಕ್ಕೂ ಒಂದು ಅನುಮಾನ ಅಂಟಿದೆ. 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಬಟಾಣಿ, ಮಸೂರದಂಥ ಕಾಳುಗಳು ಮುಖ್ಯವಾಗಿರುವ ಧಾನ್ಯರಹಿತ ಚೀಲದ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧವಿರಬಹುದೇ ಎಂದು ತನಿಖೆ ಆರಂಭಿಸಿತು. ನಾಲ್ಕು ವರ್ಷ ಕಳೆದರೂ ಕಾರಣಸಂಬಂಧ ಸಿದ್ಧವಾಗಲಿಲ್ಲ. ಬೇಳೆಯನ್ನು ಧಾನ್ಯದ ಜೊತೆ ಮಿತವಾಗಿ ಹಾಕುವ ನಮ್ಮ ಪದ್ಧತಿ ಅದಲ್ಲ. ಆದರೂ ಮಾಂಸದ ಜಾಗಕ್ಕೆ ಪೂರ್ತಿ ಬೇಳೆಯನ್ನೇ ಇಡುವವರು ಇದನ್ನು ತಿಳಿದಿರಬೇಕು. ಮನೆಯ ಹುಳಿಯನ್ನೇ ಸುರಿಯುವುದಂತೂ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ನನ್ನ ಮಟ್ಟಿಗೆ ಈ ಮೂರು ಊರುಗಳ ಮನೆಗೆ ಸರಿಯಾದ ತೀರ್ಮಾನ ಬೇಯಿಸಿದ ಊಟವೇ: ಮಾಂಸ ಅಥವಾ ಮೊಟ್ಟೆ, ಜೋಳದ ನುಚ್ಚು, ಸ್ವಲ್ಪ ತರಕಾರಿ, ವಾರಕ್ಕೊಂದೆರಡು ತುಣುಕು ಕಲೀಜಿ, ಅಳೆದು ಹಾಕಿದ ಕ್ಯಾಲ್ಸಿಯಂ, ವೈದ್ಯರು ಹೇಳಿದ ಪೂರಕ. ಹಸಿಯೇ ಬೇಕೆನ್ನುವವರು ಹೆಪ್ಪುಗಟ್ಟಿಸದ ಒಳಾಂಗವನ್ನಂತೂ ಎಂದೂ ಕೊಡಬಾರದು, ಲಾಡಿಹುಳುವಿನ ಔಷಧವನ್ನು ಕ್ರಮ ತಪ್ಪದೆ ಹಾಕಿಸಬೇಕು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ರಾಜ್ಯದ ಗೆರೆಯಾಚೆ ಇದ್ದರೂ ಜಹೀರಾಬಾದಿಗೆ ಹೈದರಾಬಾದಿಗಿಂತ ಹತ್ತಿರ. ಇಂಥ ಲೆಕ್ಕಕ್ಕೆ ಅಲ್ಲಿಗೆ ಹೋಗುವುದು ಮೊಬೈಲಿನ ಸಲಹೆಗಿಂತ ಮೇಲು.

ಇನ್ನೂ ತೀರ್ಮಾನವಾಗದ್ದು

ಹಸಿ ತಿಂದ ನಾಯಿ, ಬೆಂದದ್ದು ತಿಂದ ನಾಯಿ, ಚೀಲದ್ದು ತಿಂದ ನಾಯಿ, ಮೂರನ್ನೂ ಮರಿಯಿಂದ ಸಾವಿನವರೆಗೆ ಸಮನಾಗಿ ಸಾಕಿ ಹೋಲಿಸಿದ ದೀರ್ಘ ಪ್ರಯೋಗ ನಡೆದಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಡಾಗ್‌ರಿಸ್ಕ್ ತಂಡ 2020ರ ನಂತರ ಪ್ರಕಟಿಸಿದ ಸಮೀಕ್ಷೆಗಳಲ್ಲಿ ಎಳೆವಯಸ್ಸಿನಲ್ಲಿ ಹಸಿ ಊಟ ತಿಂದ ನಾಯಿಗಳಿಗೆ ಮುಂದೆ ಚರ್ಮದ ಅಲರ್ಜಿ ಕಡಿಮೆ ಕಂಡಿತು. ಮಾಲೀಕರು ತುಂಬಿದ ಪ್ರಶ್ನಾವಳಿಯ ಮೇಲೆ ನಿಂತ ಈ ಸಂಬಂಧ ಹಸಿ ಮಾಂಸದ ಗುಣವೋ, ಅಷ್ಟು ಕಾಳಜಿಯ ಮನೆಯಲ್ಲಿ ಬೆಳೆದ ಫಲವೋ, ಬೇಗನೆ ಬಗೆಬಗೆಯ ಸೂಕ್ಷ್ಮಜೀವಿಗಳ ಪರಿಚಯವಾದದ್ದೋ ಬಿಡಿಸಿ ಹೇಳಲು ಆಗಿಲ್ಲ. ಹಸಿ ಪಕ್ಷದ ಕೈಯಲ್ಲಿರುವ ಅತ್ಯಂತ ಗಂಭೀರ ಸುಳಿವು ಇದೇ ಎಂದು ನಾನು ಭಾವಿಸುತ್ತೇನೆ. ಇದನ್ನು ಯಾರಾದರೂ ಪ್ರಯೋಗಕ್ಕೆ ಒಡ್ಡಬೇಕು.

ಹಕ್ಕಿಜ್ವರ ಹೊಸ ಪ್ರಶ್ನೆ ತಂದಿದೆ. 2024ರ ಕೊನೆಗೆ ಅಮೆರಿಕದ ಆರೆಗಾನಿನಲ್ಲಿ ಹಸಿ ಆಹಾರ ತಿಂದ ಬೆಕ್ಕು ಎಚ್5ಎನ್1ನಿಂದ ಸತ್ತಿತು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದ ಬೆಕ್ಕುಗಳಲ್ಲೂ ಆ ವೈರಾಣು ಕಂಡಿತು, ಅದೇ ಹೊತ್ತಿಗೆ ಆಂಧ್ರ, ತೆಲಂಗಾಣದ ಕೋಳಿ ಫಾರಂಗಳಲ್ಲಿ ಹಕ್ಕಿಜ್ವರ ಎದ್ದಿತು. ಬೆಕ್ಕಿನಷ್ಟು ನಾಯಿ ಇದಕ್ಕೆ ಬಲಿಯಾಗುತ್ತಿಲ್ಲ. ಮುಂದೆಯೂ ಹಾಗೆಯೇ ಇರುತ್ತದೆಯೇ ಎಂಬುದು ತೀರ್ಮಾನವಾಗಿಲ್ಲ.

ಪಿಷ್ಟದ ಜೀನಿನ ಕತೆಯೂ ಪೂರ್ತಿಯಾಗಿಲ್ಲ. ಬೇಸಾಯ ಕಾಣದ ಡಿಂಗೋ ಮತ್ತು ಉತ್ತರ ಧ್ರುವದ ಕಡೆಯ ನಾಯಿಗಳಲ್ಲಿ ಆ ಪ್ರತಿಗಳು ಕಡಿಮೆ, ಧಾನ್ಯದ ನಾಡುಗಳ ನಾಯಿಗಳಲ್ಲಿ ಹೆಚ್ಚು. ಪ್ರತಿ ಹೆಚ್ಚಿದ್ದ ಮಾತ್ರಕ್ಕೆ ಆ ನಾಯಿ ಧಾನ್ಯದ ಊಟದಲ್ಲಿ ಹೆಚ್ಚು ಆರೋಗ್ಯವಾಗಿರುತ್ತದೆಯೇ, ಒಂದೇ ಮನೆಯ ಮುಧೋಳಕ್ಕೂ ಹಸ್ಕಿಗೂ ಬೇರೆ ಬೇರೆ ಬಟ್ಟಲು ಬೇಕೇ ಎಂಬುದಕ್ಕೆ ಇನ್ನೂ ಉತ್ತರವಿಲ್ಲ. ಸಾವಿರಾರು ವರ್ಷ ಜೋಳ ಉಂಡ ದಖ್ಖನಿನ ಊರನಾಯಿಯನ್ನು ಈ ದೃಷ್ಟಿಯಿಂದ ಪರೀಕ್ಷಿಸುವ ಕೆಲಸ ಬೀದರದ ವಿಶ್ವವಿದ್ಯಾಲಯ, ಹೈದರಾಬಾದಿನ ಪ್ರಯೋಗಾಲಯಗಳು ಕೂಡಿ ಮಾಡಬಹುದಾದಂಥದ್ದು.